ಮಳೆಯಿಲ್ಲದೆ ಸೋರಿದ ಚಾವಣಿ

ಸೋರಿಕೆಗೆ ಇಟ್ಟಿದ್ದ ಬಕೆಟ್ಟಿನ ನೀರು ಕಲ್ಲಾಗಿತ್ತು. ರೋನಾ ಹೌಗೆನ್ ಅದನ್ನು ಶಾಲೆಯ ಕಾರಿಡಾರಿನಲ್ಲಿ ಬೋರಲು ಹಾಕಿ ತಳಕ್ಕೆ ಗುದ್ದಿದಳು. ಮತ್ತೊಮ್ಮೆ ಗುದ್ದಿದಾಗ ಮಂಜುಗಡ್ಡೆ ಇಡಿಯಾಗಿ ಜಾರಿ ನೆಲಕ್ಕೆ ಬಿತ್ತು.

"ಮನೇಲಿರು ಅಂತ ಶೆರಿಫ್ ಹೇಳಿಲ್ವೇನೇ ನಿಂಗೆ?"

ಬಾಗಿಲಿಗೆ ಕಟ್ಟಿದ್ದ ಹಳದಿ ಪಟ್ಟಿಯ ಆಚೆ ಐವಿ ಸಾಂಡೋವಲ್ ನಿಂತಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಕಾರ್ಲಿಸ್ ಊರಿನ ಈ ಶಾಲೆಯಲ್ಲೇ ಇಬ್ಬರೂ ಒಟ್ಟಿಗೆ ಓದಿದವರು. ಈಗ ಇಬ್ಬರ ಹೆಣ್ಣುಮಕ್ಕಳೂ ಇಲ್ಲೇ ಓದುತ್ತಿದ್ದರು.

"ಹೇಳಿದ್ದಾರೆ. ಮನೇಲಿದ್ದು ಏನ್ ಮಾಡ್ಲಿ?"

"ಅಳು. ಎಲ್ಲಾರೂ ಮಾಡೋದು ಅದನ್ನೇ." ಐವಿ ಪಟ್ಟಿಯ ಕೆಳಗೆ ಬಗ್ಗಿ ಒಳಬಂದಳು. ಎಡಗಾಲನ್ನು ಎಳೆದು ಹಾಕುತ್ತಿದ್ದಳು. "ತಗೋ, ತಮಾಲೆ, ಜೋಳದ ಕಡುಬು. ಅಮ್ಮ ಮಾಡಿದ್ದು. ನೀನು ಏನೂ ತಿಂತಿಲ್ಲ ಅಂತ ನಿನ್ನ ಮಗಳೇ ಬಂದು ದೂರು ಕೊಟ್ಟಳು."

"ಕಾಲಿಗೇನಾಯ್ತು?"

"ಮನೆ ಮೆಟ್ಟಿಲ ಮೇಲೆ ಐಸು. ನೋಡ್ದೆ ಕಾಲಿಟ್ಟೆ, ಜಾರಿದೆ. ಮುದುಕಿ ಆಗ್ತಿದ್ದೀನಿ ಬಿಡು."

ರೋನಾ ಪಾತ್ರೆಯನ್ನು ತೆಗೆದುಕೊಂಡಳು. ಅದು ಬಿಸಿಯಾಗಿತ್ತು. ಬಿಸಿಯಾಗಿದೆ ಎನ್ನುವುದು ಅಂಗೈಗೆ ತಿಳಿಯಿತು, ಅಷ್ಟೇ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿದರೆ ಬೇರೆ ಯಾರದ್ದೋ ಕೆನ್ನೆ ಮುಟ್ಟಿದ ಹಾಗಿರುತ್ತದಲ್ಲ, ಶನಿವಾರದಿಂದ ಅವಳು ಇಡೀ ಮೈಯಲ್ಲಿ ಹಾಗಿದ್ದಳು.

ಶನಿವಾರ, ಊರವರಿಗೆ ಶಾಲೆ ತೋರಿಸಲು ಕರೆದಿದ್ದ ದಿನ, ಇದೇ ಕಾರಿಡಾರಿಗೆ ಅಂಟಿದ ಲೈಬ್ರರಿಯಲ್ಲಿ ಸೀಲಿಂಗ್ ಕುಸಿದು ಅವಳ ತಂದೆ ವರ್ಲಿನ್ ಹೌಗೆನ್ ಸತ್ತಿದ್ದ.

"ನಾನು ಮತಪೆಟ್ಟಿಗೆ ಹತ್ರ ಇರ್ತೀನಿ," ಎಂದಳು ಐವಿ. "ಪೆಟ್ಟಿಗೆ ಹತ್ರ ಅಂದ್ರೆ ರಸ್ತೆ ಆಚೆ. ಹತ್ತಿರ ಬಂದು ಮತ ಕೇಳಿದ್ರೆ ನಿಮ್ಮ ಪೊಲೀಸ್ನೋರೇ ಹಿಡ್ಕೊಂಡು ಹೋಗ್ತಾರಲ್ಲ." ನಗಲು ನೋಡಿದಳು. ಆಗಲಿಲ್ಲ. "ರೋನಾ, ನಿಮ್ಮಪ್ಪನ ವಿಷಯ... ನಾನು..."

"ಗೊತ್ತು, ಹೋಗು."

ಐವಿ ಕುಂಟುತ್ತಾ ಹೋದಳು.

ರೋನಾ ಮಂಡಿಯೂರಿ ಮಂಜುಗಡ್ಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರಾಚೆ ಕಿಟಕಿಯ ಸರಳುಗಳು ಕಾಣುವಷ್ಟು ತಿಳಿಯಾಗಿತ್ತು. ತಲೆಯೆತ್ತಿ ಸೀಲಿಂಗ್ ನೋಡಿದಳು. ಹಳೆಯ ಸೋರಿಕೆಯ ಕಲೆಗಳು ಕಂದು ಕಂದಾಗಿ ಅಲ್ಲಲ್ಲಿ ಹರಡಿದ್ದವು. ಈ ಶಾಲೆಯ ಚಾವಣಿಯಿಂದ ಇಳಿಯುವ ನೀರು ಕೊಳೆತ ಮರ, ಡಾಂಬರು ಎಲ್ಲವನ್ನೂ ತೊಳೆದುಕೊಂಡು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅವಳು ಓದುವಾಗಲೂ ಹಾಗೇ ಇತ್ತು.

ಅದೂ ಅಲ್ಲದೆ, ಹೊರಗೆ ಚಾವಣಿಯ ಮೇಲಿನ ಹಿಮ ಜನವರಿಯಿಂದ ಒಂದು ಹನಿಯೂ ಕರಗಿಲ್ಲ. ಹಾಗಾದರೆ ಶನಿವಾರ ಬೆಳಿಗ್ಗೆ ಇಲ್ಲಿ ತೊಟ್ಟಿಕ್ಕಿದ್ದು ಎಲ್ಲಿಯ ನೀರು?

ಗಡ್ಡೆಯನ್ನು ತಿರುಗಿಸಿದಳು. ತಳದಲ್ಲಿ ತೆಳ್ಳಗೆ ಬಿಳಿಯ ಪದರ. ಗಾರೆಯ ಪುಡಿ ಎಂದುಕೊಂಡು ಉಗುರಿನಿಂದ ಕೆರೆದು ಬೆರಳ ನಡುವೆ ಉಜ್ಜಿದಳು. ಗಾರೆ ಮರಳು ಮರಳಾಗಿರುತ್ತದೆ. ಇದು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು.

ಸೇಬಿನ ತೋಟದಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೇಸಿಗೆಯಲ್ಲಿ ಹಣ್ಣಿಗೆ ಬಿಸಿಲ ಪೆಟ್ಟು ಬೀಳದಿರಲೆಂದು ನೀರಿಗೆ ಕಲಸಿ ಹೊಡೆಯುವ ಬಿಳಿ ಜೇಡಿ. ಒಮ್ಮೆ ಪಂಪಿನ ಡಬ್ಬಕ್ಕೆ ಹಿಡಿದರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಯಾರೋ ಬೆನ್ನಿಗೆ ಕಟ್ಟುವ ಸ್ಪ್ರೇ ಪಂಪಿನಲ್ಲಿ ನೀರು ತುಂಬಿಕೊಂಡು ಅಟ್ಟ ಹತ್ತಿದ್ದಾರೆ.

ಅವಳು ಎದ್ದು ಲೈಬ್ರರಿಯ ಬಾಗಿಲಿಗೆ ಹೋದಳು. ಅಪ್ಪ ಬಿದ್ದಿದ್ದ ಜಾಗದಲ್ಲಿ ತೊಲೆ ಹಾಗೇ ಇತ್ತು. ಗಾರೆ, ಹಲಗೆ, ಚಳಿ ತಡೆಯಲು ಸೀಲಿಂಗಿಗೆ ತುಂಬಿದ್ದ ಹತ್ತಿಯಂಥ ವಸ್ತು ಎಲ್ಲ ರಾಶಿಯಾಗಿ ಬಿದ್ದಿತ್ತು. ಬೂಟಿನ ತುದಿಯಿಂದ ಒದ್ದಳು. ಪುಡಿ ಪುಡಿಯಾಗಿ ಧೂಳೆದ್ದಿತು. ಒದ್ದೆಯಾಗಿದ್ದರೆ ಈ ಚಳಿಗೆ ಬಂಡೆ ಕಟ್ಟಿರಬೇಕಿತ್ತು. ಅದೇಕೆ ಹಾಗಿಲ್ಲ ಎಂದು ಯೋಚಿಸಲು ಹೋದಳು. ತಲೆ ಓಡಲಿಲ್ಲ.

ಶನಿವಾರವೂ ತಲೆ ಹೀಗೇ ಇತ್ತು. ಅಪ್ಪನ ಪಿಕಪ್ ಗಾಡಿಯನ್ನು ಶಾಲೆಯಿಂದ ತೋಟಕ್ಕೆ ಅವಳೇ ಓಡಿಸಿಕೊಂಡು ಹೋಗಿದ್ದಳು. ದಾರಿಯುದ್ದಕ್ಕೂ ಹಿಂದೆ ಏನೋ ಲೊಟಲೊಟ ಸದ್ದು ಮಾಡುತ್ತಿತ್ತು. ಇಳಿದು ನೋಡಬೇಕೆಂದು ಅನ್ನಿಸಿರಲಿಲ್ಲ. ಹನ್ನೆರಡು ವರ್ಷದಿಂದ ಪತ್ತೇದಾರಿಕೆಯ ಸಂಬಳ ತಿನ್ನುತ್ತಿರುವ ಹೆಂಗಸು!

* * *

ಕಾರ್ಲಿಸ್‌ನಲ್ಲಿ ಶಾಲೆಯ ಚಾವಣಿಗಾಗಲಿ ಕಂಪ್ಯೂಟರಿಗಾಗಲಿ ದುಡ್ಡು ಮೇಲಿನಿಂದ ಸುಮ್ಮನೆ ಬೀಳುವುದಿಲ್ಲ. ಊರಿನವರೇ ಮತ ಹಾಕಿ, ತಮ್ಮ ಮನೆ ಜಮೀನುಗಳ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಬೇಕು. ಅದೇ ಲೆವಿ. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಗೆಲುವು. ಹಿಂದೆ ಎರಡು ಸಲ ಸೋತಿತ್ತು. ಎರಡು ಸಲವೂ ಸೋಲಿಸಿದವನು ವರ್ಲಿನ್ ಹೌಗೆನ್ ಎಂದು ಊರೆಲ್ಲ ಹೇಳುತ್ತಿತ್ತು. ಅವನ ತೋಟದ ಗೇಟಿನಲ್ಲಿ 'ಲೆವಿ ಬೇಡ' ಎನ್ನುವ ಬೋರ್ಡು ಹೆದ್ದಾರಿಗೇ ಕಾಣುವಂತೆ ನಿಂತಿತ್ತು.

ಇವತ್ತು ಮಂಗಳವಾರ, ಮೂರನೆಯ ಪ್ರಯತ್ನದ ಕೊನೆಯ ದಿನ. ರಾತ್ರಿ ಎಂಟಕ್ಕೆ ಮತಪೆಟ್ಟಿಗೆ ಮುಚ್ಚುತ್ತದೆ. ಶನಿವಾರದ ನಂತರ ಊರಿನ ಅಂಗಳಗಳಲ್ಲಿದ್ದ 'ಬೇಡ' ಬೋರ್ಡುಗಳು ಒಂದೊಂದಾಗಿ ಮಾಯವಾಗಿದ್ದವು. ಮುರುಕು ಶಾಲೆ ಒಬ್ಬನನ್ನು ಕೊಂದಿತಲ್ಲ! ಈ ಸಲ ಲೆವಿ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದರ ವಿರುದ್ಧ ಬಾಯಿ ಬಡಿದುಕೊಂಡವನೇ ಸತ್ತು ಅದನ್ನು ಗೆಲ್ಲಿಸುತ್ತಿದ್ದ.

ಸೋರಿಕೆಯೇ ಸುಳ್ಳು ಎಂದು ಎಂಟರೊಳಗೆ ರೋನಾ ಬಾಯಿ ಬಿಟ್ಟರೆ ಲೆವಿ ಅಲ್ಲಿಗೆ ಮುಗಿಯಿತು. ಅವಳ ಮಗಳು ಟೆಸ್ ಶಾಲೆಯ ಹಿತ್ತಿಲಲ್ಲಿ ತರಗತಿಗೆಂದು ತಂದು ನಿಲ್ಲಿಸಿದ ತಗಡಿನ ಗಾಡಿಕೋಣೆಯಲ್ಲೇ ಕೈಗವಸು ತೊಟ್ಟು ಪಾಠ ಕಲಿಯಬೇಕು. ಬಾಯಿ ಬಿಡದಿದ್ದರೆ, ಅಪ್ಪನನ್ನು ಕೊಂದವರು ಅಪ್ಪನ ಸಾವಿನಿಂದಲೇ ಗೆದ್ದ ಹಾಗಾಗುತ್ತದೆ.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೋಗಿ ಹೆಡ್ಮಾಸ್ಟರ ಕೋಣೆಯ ಬಾಗಿಲು ತಳ್ಳಿದಳು.

* * *

ಡೆಲ್ ಆಸ್ಟರ್‌ಮನ್ ಕೋಟು ಟೊಪ್ಪಿ ಸಮೇತ ಮೇಜಿನ ಹಿಂದೆ ಕೂತಿದ್ದರು. ಈ ಭಾಗದ ಬಿಸಿಗಾಳಿ ಯಂತ್ರವನ್ನು ಶನಿವಾರವೇ ನಿಲ್ಲಿಸಿದ್ದರು. ರೋನಾಳಿಗೆ ಭಾಗಾಕಾರ ಕಲಿಸಿದ್ದು ಇವರೇ.

ಅವಳು ಮಂಜುಗಡ್ಡೆಯನ್ನು ತಂದು ಅವರ ಮೇಜಿನ ಮೇಲಿಟ್ಟಳು.

"ಇದೇನು?" ಎಂದರು.

"ನೀವೇ ಹೇಳಿ ಸರ್. ನಿಮ್ಮ ಸೋರಿಕೆ."

ಆಸ್ಟರ್‌ಮನ್ ಅದನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಮೇಜಿನ ಮೇಲಿನ ಪುಟ್ಟ ಹೀಟರಿನ ಕಾವಿಗೆ ಕರಗಿದ ನೀರು ಅಂಚಿಗೆ ಬಂದು ಅವರ ಮಡಿಲಿಗೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ.

"ಅಪಘಾತ ಅಂತ ಶೆರಿಫ್ ಹೇಳಿದ್ರಲ್ಲ," ಎಂದರು.

"ಶೆರಿಫ್ ಬಕೆಟ್ಟು ಮಗುಚಿ ನೋಡ್ಲಿಲ್ಲ. ಜನವರಿಯಿಂದ ಹಿಮ ಕರಗಿಲ್ಲ. ಈ ನೀರು ನಲ್ಲಿ ನೀರು. ಯಾರೋ ಅಟ್ಟದ ಮೇಲೆ ಹೊತ್ತು ಸುರಿದಿದ್ದಾರೆ. ನೀವಾ?"

"ರೋನಾ..."

"ನೀವಾ ಅಂತ ಕೇಳ್ದೆ."

ಟೊಪ್ಪಿ ತೆಗೆದರು. ಕೂದಲು ಎಲ್ಲ ಕಡೆ ಎದ್ದು ನಿಂತಿತ್ತು. "ನಾನು ಶಾಲೆಯ ನೌಕರ. ಲೆವಿಗೆ ಮತ ಕೊಡಿ ಅಂತ ಕೆಲಸದ ಹೊತ್ತಲ್ಲಿ ಒಂದು ಮಾತು ಆಡಿದ್ರೂ ಕಾನೂನು ಮುರಿದ ಹಾಗೆ. ಕಟ್ಟಡ ತೋರಿಸಬಹುದು. ಕೇಳಿದ್ದಕ್ಕೆ ಉತ್ತರ ಕೊಡಬಹುದು. ಬೇಡ್ಕೊಳ್ಳೋ ಹಾಗಿಲ್ಲ."

"ಅದಕ್ಕೆ?"

"ಅದಕ್ಕೆ, ನನ್ನ ಬದ್ಲು ಸೀಲಿಂಗೇ ಬೇಡ್ಕೊಳ್ಳಲಿ ಅಂದ್ಕೊಂಡೆ."

ರೋನಾ ಗಡ್ಡೆಯನ್ನು ಅವರ ಕಡೆಗೆ ತಳ್ಳಿದಳು.

"ನೀನೇ ಹೇಳು, ಈ ಚಾವಣಿ ಸೋರೋದು ಸುಳ್ಳಾ? ಮಾರ್ಚ್ ಕೊನೆಗೆ ಬಾ. ಕೊಡೆ ಹಿಡ್ಕೊಂಡು ಪಾಠ ಮಾಡ್ತೀವಿ. ಹೋದ ವರ್ಷ ಕಂಪ್ಯೂಟರು ಕೋಣೇಲಿ ಅರ್ಧಕ್ಕರ್ಧ ನೆನೆದು ಹಾಳಾದ್ವು. ಮಕ್ಕಳು ಸರದಿ ಮೇಲೆ ಪರೀಕ್ಷೆ ಬರೀತಾರೆ. ಆದ್ರೆ ಓಟು ಬರೋದು ಫೆಬ್ರವರಿಗೆ. ಫೆಬ್ರವರಿಲಿ ಎಲ್ಲಾ ಹೆಪ್ಪುಗಟ್ಟಿರತ್ತೆ. ಶಾಲೆ ನೋಡಿ ಬನ್ನಿ ಅಂತ ಕರೀತೀವಿ. ಜನ ಬರ್ತಾರೆ, ಕತ್ತೆತ್ತಿ ಮೇಲೆ ನೋಡ್ತಾರೆ, ಒಣಗೇ ಇದೆಯಲ್ಲ ಅಂತಾರೆ, ಕಾಫಿ ಕುಡಿದು ಮನೆಗೆ ಹೋಗಿ ಬೇಡ ಅಂತ ಗುರುತು ಹಾಕ್ತಾರೆ. ಎರಡು ಸಲ ಹಾಗೇ ಆಯ್ತು."

"ಈ ಸಲ ಮನುಷ್ಯ ಸತ್ತ."

"ಹೌದು," ಎಂದರು ಆಸ್ಟರ್‌ಮನ್. "ಆದ್ರೆ ನಾವು ನೀರು ಹಾಕಿದ್ದು ಕಾರಿಡಾರಿನ ಬಿರುಕಿಗೆ ಮಾತ್ರ. ಲೈಬ್ರರಿ ಕಡೆ ಒಂದು ಹನಿ ಹಾಕಿಲ್ಲ. ದೇವರಾಣೆ."

ಬೂಟಿನ ತುದಿಗೆ ಎದ್ದ ಧೂಳು ರೋನಾಳಿಗೆ ಆಗ ನೆನಪಾಯಿತು. ರಾಶಿ ಒಣಗಿತ್ತು. ಅಂದರೆ ನೀರು ಆ ಸೀಲಿಂಗನ್ನು ಕೆಡವಿಲ್ಲ. ಮತ್ತೇನು ಕೆಡವಿತು?

"ನಾವು ಅಂದ್ರಿ," ಎಂದಳು. "ನಿಮ್ಮ ಸೊಂಟಕ್ಕೆ ಹೋದ ವರ್ಷ ಆಪರೇಷನ್ ಆಯ್ತು. ಬೆನ್ನಿಗೆ ಪಂಪು ಕಟ್ಕೊಂಡು ಏಣಿ ಹತ್ತೋ ಮನುಷ್ಯ ಅಲ್ಲ ನೀವು. ಐವಿ ಗಂಡ ತೋಟಗಳಿಗೆ ಔಷಧಿ ಹೊಡೆಯೋ ಗುತ್ತಿಗೆ ಮಾಡ್ತಾನೆ. ಪಂಪು ಅವನದ್ದು ತಾನೇ? ಹತ್ತಿದ್ದೂ ಅವನೇನಾ?"

"ಅಲ್ಲ."

"ಸುಳ್ಳು ಹೇಳಬೇಡಿ ಸರ್. ಜೇಡಿ ಸಿಕ್ಕಿದೆ ನಂಗೆ."

"ಅಲ್ಲಮ್ಮ." ಮುಖ ಎತ್ತಿದರು. ಕಣ್ಣು ಕೆಂಪಾಗಿತ್ತು. "ಪಂಪು ನಿಮ್ಮಪ್ಪಂದು. ಹತ್ತಿದ್ದೂ ಅವನೇ. ನಾನು ಏಣಿ ಹಿಡ್ಕೊಂಡಿದ್ದೆ."

ದಾರಿಯುದ್ದಕ್ಕೂ ಕೇಳಿದ ಲೊಟಲೊಟ ಸದ್ದು. ಫೆಬ್ರವರಿಯಲ್ಲಿ ಯಾವ ತೋಟಗಾರ ಸ್ಪ್ರೇ ಪಂಪನ್ನು ಗಾಡಿಯಲ್ಲಿ ಇಟ್ಟುಕೊಂಡು ತಿರುಗುತ್ತಾನೆ?

ರೋನಾ ಕುರ್ಚಿ ಎಳೆದುಕೊಂಡು ಕೂತಳು.

"ಹೋದ ತಿಂಗಳು ಟೆಸ್‌ನ ಕರ್ಕೊಂಡು ಹೋಗೋಕೆ ಬಂದಿದ್ದ," ಎಂದರು ಆಸ್ಟರ್‌ಮನ್. "ಗಾಡಿಕೋಣೆಯಿಂದ ಕಕ್ಕಸಿಗೆ ಅಂತ ಮಕ್ಕಳು ಹಿಮದಲ್ಲಿ ಸಾಲಾಗಿ ನಡ್ಕೊಂಡು ಬರ್ತಿದ್ವು. ಟೆಸ್ ಬಿದ್ಲು. ಇವನು ನೋಡ್ದ. ಆಮೇಲೆ ಇಲ್ಲಿ ಬಂದು, ನೀನು ಕೂತಿದ್ದೀಯಲ್ಲ, ಅದೇ ಕುರ್ಚಿಲಿ ಸುಮ್ನೆ ಕೂತ. ನಾನು ಬೈಗುಳಕ್ಕೆ ಕಾಯ್ತಿದ್ದೆ. 'ನನ್ನ ಬೋರ್ಡು ನಾನು ಕೀಳಲ್ಲ ಡೆಲ್, ಅದು ಆಗದ ಮಾತು. ಆದ್ರೆ ಈ ಸಲ ನೀನು ಸೋತ್ಯೋ, ನಿನ್ನ ಹಲ್ಲು ಉದುರಿಸ್ತೀನಿ' ಅಂದ."

ಅದು ಅಪ್ಪನ ಮಾತೇ. ದನಿ ಕೂಡ ಕೇಳಿಸಿದ ಹಾಗಾಯಿತು. ರೋನಾ ಕಾದಳು, ಈಗಲಾದರೂ ಅಳು ಬರಬಹುದೆಂದು. ಬರಲಿಲ್ಲ.

"ಲೈಬ್ರರಿಗೆ ಯಾಕೆ ಹೋದ ಅವನು?"

"ನೀರು ಹಾಕಿ ಇಳಿದ. ಅಟ್ಟದ ಬಾಗಿಲು ಮುಚ್ಚಿ, ಪಂಪನ್ನ ಗಾಡಿಗೆ ಹಾಕಿ ಬಂದ. ಜನ ಎಲ್ಲಾ ಜಿಮ್ಮಲ್ಲಿ ಕಾಫಿ ಕುಡೀತಿದ್ರು. ಅವನು ನನ್ನ ಕಿವಿ ಹತ್ರ ಬಂದು, 'ಅಟ್ಟದ ಮೇಲೆ ಯಾರೋ ಓಡಾಡ್ತಿದ್ದಾರೆ ಡೆಲ್, ಲೈಬ್ರರಿ ಮೇಲೆ, ಅಲ್ಲಿ ಹಲಗೆ ಲಡ್ಡು ಹಿಡಿದಿದೆ' ಅಂದ. ಹೆಗ್ಗಣ ಇರ್ಬೇಕು ಹೋಗೋ ಅಂದೆ ನಾನು." ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಕೈ ತೆಗೆದು ಹೇಳಿದರು, "ಅವರನ್ನ ಕೆಳಗೆ ಇಳಿಸ್ತೀನಿ ಅಂತ ಹೋದ. ಆಮೇಲೆ ಸದ್ದು ಕೇಳಿಸ್ತು."

"ಇದನ್ನ ಯಾಕೆ ಹೇಳ್ಲಿಲ್ಲ ಯಾರಿಗೂ?"

"ಹೇಳಿದ್ರೆ ಎಲ್ಲಾ ಹೇಳಬೇಕು." ಕಿಟಕಿಯಾಚೆ ಗಾಡಿಕೋಣೆಗಳ ಕಡೆ ನೋಡಿದರು. "ಇವತ್ತು ಎಂಟು ಗಂಟೆ ಆಗ್ಲಿ ರೋನಾ. ಆಮೇಲೆ ಬೇಡಿ ಹಾಕಿ ಕರ್ಕೊಂಡು ಹೋಗು, ನಾನೇ ಕೈ ಚಾಚ್ತೀನಿ. ನಂಗೋಸ್ಕರ ಅಲ್ಲ. ಅವನು ಗೆಲ್ಲಬೇಕು ಅಂದಿದ್ದ."

ರೋನಾ ಎದ್ದಳು. ಬಾಗಿಲ ಬಳಿ ನಿಂತು ಕೇಳಿದಳು, "ಅವನಿಗೆ ನೋವಾಯ್ತಾ?"

"ಇಲ್ಲಮ್ಮ. ಡಾಕ್ಟ್ರು ಹೇಳಿದ್ರಲ್ಲ, ತೊಲೆ ಬಿದ್ದ ಕ್ಷಣಕ್ಕೇ ಹೋಗಿಬಿಟ್ಟ ಅಂತ. ನಾವು ಓಡಿ ಬರೋ ಹೊತ್ತಿಗೆ ಏನೂ ಇರ್ಲಿಲ್ಲ. ಆ ಕೋಣೇಲಿ ಅವನೊಬ್ಬನೇ ಇದ್ದ."

ಈ ಮೂರು ದಿನ ಅವಳು ಹಿಡಿದುಕೊಂಡು ನಿಂತಿದ್ದುದು ಅದೊಂದೇ ಮಾತನ್ನು. ಅಪ್ಪನಿಗೆ ಏನೂ ತಿಳಿಯಲಿಲ್ಲ.

* * *

ಮತಪೆಟ್ಟಿಗೆ ಅಗ್ನಿಶಾಮಕ ಠಾಣೆಯ ಮುಂದಿತ್ತು. ರೋನಾ ಅಪ್ಪನ ಪಿಕಪ್ ಗಾಡಿಯನ್ನು ಎದುರು ನಿಲ್ಲಿಸಿ ಸ್ಟೇರಿಂಗ್ ಹಿಡಿದು ಕೂತಳು. ಹೊತ್ತು ಮುಳುಗುವುದರಲ್ಲಿತ್ತು. ಜನ ಕಾರಿನಿಂದ ಇಳಿದು, ಲಕೋಟೆ ಹಾಕಿ, ಅವಳ ಗಾಡಿಯನ್ನು ಗುರುತಿಸಿ, ತಲೆತಗ್ಗಿಸಿ ಹೋಗುತ್ತಿದ್ದರು.

ಕೋಟಿನ ಒಳಜೇಬಿನಲ್ಲಿ ಅವಳ ಮತಪತ್ರವೂ ಇತ್ತು. ಅಂಚೆಯಲ್ಲಿ ಬಂದು ಎಷ್ಟೋ ದಿನವಾಗಿತ್ತು. ಅಪ್ಪನ ಎದುರು 'ಬೇಕು' ಎಂದು ಹಾಕಲು ಮನಸ್ಸು ಬಂದಿರಲಿಲ್ಲ, ಮಗಳ ಎದುರು 'ಬೇಡ' ಎಂದು ಹಾಕಲೂ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ಫೋನು ಮಾಡಿದ್ದ. "ಪಿಪ್, ಇವತ್ತು ಶಾಲೆ ಹತ್ರ ಬಾ. ಒಂದು ತಮಾಷೆ ತೋರಿಸ್ತೀನಿ." ಪಿಪ್ ಎಂದರೆ ಸೇಬಿನ ಬೀಜ. ತಾಯಿ ತೀರಿಕೊಂಡ ಮೇಲೆ ಆ ಹೆಸರು ಅವರಿಬ್ಬರ ನಡುವೆ ಮಾತ್ರ ಉಳಿದಿತ್ತು, ಅದೂ ಫೋನಿನಲ್ಲಿ. ನಾಲ್ಕು ಜನರ ಮುಂದೆ ಅಪ್ಪ ಅವಳನ್ನು 'ಪೊಲೀಸಮ್ಮ' ಎಂದೇ ಕರೆಯುತ್ತಿದ್ದ. ಡ್ಯೂಟಿ ಇದೆ ಎಂದು ಅವಳು ಫೋನು ಇಟ್ಟಿದ್ದಳು.

ತಮಾಷೆ ಏನೆಂದು ಈಗ ಗೊತ್ತಾಗಿತ್ತು.

ಗಾಡಿಯ ಡಬ್ಬದಲ್ಲಿ ಅಪ್ಪನ ಪೆನ್ನು ಸಿಕ್ಕಿತು. ಮೊಣಕಾಲ ಮೇಲೆ ಮತಪತ್ರವನ್ನು ಇಟ್ಟುಕೊಂಡು 'ಬೇಕು' ಎನ್ನುವುದರ ಎದುರು ಗುರುತು ಹಾಕಿದಳು. ಲಕೋಟೆ ಅಂಟಿಸಿ, ಹಿಂಬದಿಯಲ್ಲಿ ಸಹಿ ಮಾಡಿ ಇಳಿದಳು. ಎಂಟು ಗಂಟೆಯವರೆಗೆ ಬಾಯಿ ಮುಚ್ಚಿಕೊಂಡಿರುವುದೆಂದು ತೀರ್ಮಾನಿಸಿದ್ದಳು. ಅಪ್ಪನ ಆಸೆ ಅದಾಗಿದ್ದರೆ ಹಾಗೇ ಆಗಲಿ. ಅಟ್ಟದ ಮೇಲೆ ಓಡಾಡಿದವರನ್ನು ನಾಳೆ ಹುಡುಕಿದರಾಯಿತು.

ರಸ್ತೆಯಾಚೆ ನಿಂತಿದ್ದ ಐವಿ ಅವಳನ್ನು ನೋಡಿದಳು. ಕೈಯಲ್ಲಿದ್ದ ಪ್ರಚಾರದ ಫಲಕವನ್ನು ಕಂಬಕ್ಕೆ ಒರಗಿಸಿ, ಅದನ್ನು ಹಿಡಿದು ಪೆಟ್ಟಿಗೆಯ ಹತ್ತಿರ ಬರುವಂತಿರಲಿಲ್ಲವಲ್ಲ, ಬರಿಗೈಯಲ್ಲಿ ಕುಂಟುತ್ತಾ ರಸ್ತೆ ದಾಟಿ ಬಂದಳು.

ರೋನಾ ಲಕೋಟೆಯನ್ನು ಪೆಟ್ಟಿಗೆಯ ಸೀಳಿಗೆ ತೂರಿಸುತ್ತಿದ್ದಳು. ಐವಿ ಅವಳ ಭುಜ ಹಿಡಿದಳು.

"ಹೀಗೆ ಕಲ್ಲಿನ ಹಾಗಿರಬೇಡ್ವೇ," ಎಂದಳು. ಅವಳೇ ಅಳುತ್ತಿದ್ದಳು. "ನಂಗೆ ನೋಡೋಕಾಗ್ತಿಲ್ಲ. ಅತ್ತುಬಿಡು. ನಿನ್ನ ಮೇಲೆ ಎಷ್ಟು ಜೀವ ಇಟ್ಕೊಂಡಿದ್ರು ಗೊತ್ತಾ ಅವರು? ಕೊನೇಲೂ ನಿನ್ನನ್ನೇ ಕರೆದ್ರು. ಪಿಪ್, ಪಿಪ್ ಅಂತ."

ರೋನಾಳ ಕೈ ನಿಂತಿತು.

ಅಳು ಬಂತು. ಈಗ, ಇಲ್ಲಿ, ಊರವರ ಎದುರೇ ಬಂತು, ತಡೆಯುವುದಕ್ಕಾಗಲಿಲ್ಲ. ಅಪ್ಪ ಆ ಕ್ಷಣಕ್ಕೇ ಹೋಗಿರಲಿಲ್ಲ. ತೊಲೆಯ ಕೆಳಗೆ ಬಿದ್ದುಕೊಂಡು ಅವಳನ್ನು ಕರೆದಿದ್ದ. ಯಾರೋ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದರು.

ಕಣ್ಣೀರು ಹರಿಯುತ್ತಿದ್ದಂತೆಯೇ ಅವಳು ಕೆಳಗೆ ನೋಡಿದಳು. ಐವಿಯ ಎಡಗಾಲು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಮಂಡಿಯ ಕೆಳಗೆ ದಪ್ಪಗೆ ಪಟ್ಟಿ ಕಟ್ಟಿದ್ದು ಪ್ಯಾಂಟಿನ ಮೇಲೂ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಜಾರಿದವರಿಗೆ ಪೆಟ್ಟಾಗುವುದು ಸೊಂಟಕ್ಕೆ, ಮೊಣಕೈಗೆ. ಅಟ್ಟದ ಲಡ್ಡು ಹಲಗೆ ಮುರಿದು ಕಾಲು ಒಳಗೆ ಹೋದವರಿಗೆ ಮಾತ್ರ ಗಾಯ ಅಲ್ಲಾಗುತ್ತದೆ.

"ಐವಿ," ಎಂದಳು. "ಎಲ್ಲಿಂದ ಕೇಳಿಸ್ಕೊಂಡೆ ಅದನ್ನ? ಮೇಲಿಂದಾನಾ?"

ಐವಿ ಭುಜದ ಮೇಲಿನ ಕೈ ತೆಗೆಯಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ. ಅವಳ ಕಣ್ಣು ರೋನಾಳ ಮುಖವನ್ನು ಬಿಟ್ಟು, ಸೀಳಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದ ಲಕೋಟೆಯ ಮೇಲೆ ಹೋಗಿ ನಿಂತಿತು.

"ಮೊದ್ಲು ಅದನ್ನ ಒಳಗೆ ಹಾಕು," ಎಂದಳು. "ಆಮೇಲೆ ಹೇಳ್ತೀನಿ."